ಕ್ಯಾಬಿನೆಟ್ ಹೊಸದು, ರ‍್ಯಾಮ್ ಅರ್ಧ ಮಾಯ!

ಮನೆ ಬದಲಾಯಿಸಿದಾಗ ಮಿಕ್ಸಿ ಜಾರಿನ ಒಂದು ಮುಚ್ಚಳ ಕಾಣೆಯಾಗೋದು ಗ್ಯಾರಂಟಿ. ಕಂಪ್ಯೂಟರ್ ಮನೆ ಬದಲಾಯಿಸಿದಾಗ ಹಾಗೆ ಕಾಣೆಯಾಗೋದು ಹೆಚ್ಚಾಗಿ ರ‍್ಯಾಮ್. ಹಳೇ ಕ್ಯಾಬಿನೆಟ್‌ನಿಂದ ಮದರ್‌ಬೋರ್ಡ್ ಬಿಚ್ಚಿ, ಗಾಜಿನ ಬಾಗಿಲಿರೋ ಹೊಸ ಕ್ಯಾಬಿನೆಟ್‌ಗೆ ಕೂರಿಸಿ, ಬಣ್ಣಬಣ್ಣದ ಫ್ಯಾನ್‌ಗಳೆಲ್ಲ ತಿರುಗೋಕೆ ಶುರುವಾದ ಮೇಲೆ ನೋಡಿದರೆ, 16 ಜಿಬಿ ಇದ್ದದ್ದು 8 ಜಿಬಿ ಅಂತ ತೋರಿಸ್ತಿರುತ್ತೆ. ಇಲ್ಲಾಂದ್ರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಇವೆರಡಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎಲ್ಲ ಸರಿಯಾಗೇ ಇದ್ದ ಹಾಗೆ ಕಾಣುತ್ತೆ, ವಾರ ಕಳೆದ ಮೇಲೆ ಇದ್ದಕ್ಕಿದ್ದ ಹಾಗೆ ನೀಲಿ ಸ್ಕ್ರೀನ್.

ಇಂಥ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಬರೋ ಮೊದಲ ಮಾತು, 'ರ‍್ಯಾಮ್ ಹೋಯ್ತು ಅನ್ಸುತ್ತೆ, ಹೊಸದು ತರೋಣ'. ಸ್ವಲ್ಪ ತಡೀರಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಯಾವ ಪರಿ ಏರಿತು ಅಂತ ಪಿಸಿ ಕಟ್ಟೋ ಆಸೆ ಇಟ್ಕೊಂಡಿದ್ದವರಿಗೆಲ್ಲ ಗೊತ್ತು. ಎಐ ಸರ್ವರ್‌ಗಳಿಗೆ ಮೆಮೊರಿ ಚಿಪ್ ಬೇಕೇ ಬೇಕು, ಹಾಗಾಗಿ ನಮ್ಮ ನಿಮ್ಮ ಪಿಸಿಗೆ ಬರೋ ಸ್ಟಿಕ್ಕು ತುಟ್ಟಿ. ಇಂಥ ಕಾಲದಲ್ಲಿ ಚೆನ್ನಾಗಿರೋ ರ‍್ಯಾಮನ್ನ ಅನುಮಾನದ ಮೇಲೆ ಡ್ರಾಯರ್‌ಗೆ ಎಸೆಯೋದು ಯಾಕೆ? ನಿನ್ನೆ ತನಕ ನೆಟ್ಟಗೆ ಕೆಲಸ ಮಾಡ್ತಿದ್ದ ವಸ್ತು, ಬಿಚ್ಚಿ ಹಾಕಿದ ದಿನದಿಂದ ತಕರಾರು ತೆಗೆದರೆ, ಮೊದಲು ಅನುಮಾನ ಪಡಬೇಕಾದ್ದು ಬಿಚ್ಚಿ ಹಾಕಿದ ಕೆಲಸವನ್ನ.

ನಮ್ಮ ಭಾವನ ಪಿಸಿ ವಿಷಯ ಹೇಳ್ತೀನಿ. ಇದರಲ್ಲಿ ಎಲ್ಲ ಮಸಾಲೆಯೂ ಇದೆ.

ಭಾವ ಮೈಸೂರಲ್ಲಿ ಮದುವೆ ಫೋಟೊ ತೆಗೀತಾರೆ, ಆಲ್ಬಂ ಡಿಸೈನೂ ಅವರದ್ದೇ. ಪಿಸಿ 2020ರಲ್ಲಿ ಕಟ್ಟಿಸಿದ್ದು. ಇಂಟೆಲ್ 10ನೇ ತಲೆಮಾರಿನ ಪ್ರೊಸೆಸರ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ಹಳೇ ಕ್ಯಾಬಿನೆಟ್‌ನಲ್ಲಿ ಗಾಳಿ ಆಡ್ತಿರಲಿಲ್ಲ, ಬೇಸಿಗೆಯಲ್ಲಿ ಫೋಟೊಶಾಪ್ ತೆರೆದರೆ ಇಸ್ತ್ರಿ ಪೆಟ್ಟಿಗೆ ಪಕ್ಕ ಕೂತ ಹಾಗೆ. ಒಂದು ಅಂಗಡಿಯಲ್ಲಿ ಹೊಸ ಕ್ಯಾಬಿನೆಟ್‌ಗೆ ಹಾಕಿಸಿದರು. ಅಲ್ಲಿ ಕೂಲರನ್ನೂ ಬಿಚ್ಚಿ, ಧೂಳು ಒರೆಸಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿಕೊಟ್ಟರು. ಮನೆಗೆ ತಂದರು, ಆನ್ ಆಯ್ತು, ತಣ್ಣಗಿತ್ತು, ಖುಷಿಯಾದರು.

ಆ ವಾರ ಎರಡು ಮದುವೆ. ಕಾರ್ಡ್‌ನಲ್ಲಿದ್ದ ಫೋಟೊಗಳನ್ನ ಪಿಸಿಗೆ ಕಾಪಿ ಮಾಡ್ಕೊಂಡು, ಕಾರ್ಡ್ ಫಾರ್ಮ್ಯಾಟ್ ಮಾಡಿ ಮುಂದಿನ ಮದುವೆಗೆ ಹೋದರು. ಈ ಕೆಲಸದಲ್ಲಿರೋರು ಎಷ್ಟೋ ಜನ ಹೀಗೇ ಮಾಡೋದು. ಐದಾರು ದಿನಕ್ಕೆ ಒಂದು ನೀಲಿ ಸ್ಕ್ರೀನ್ ಬಂತು. ಆಮೇಲೆ ಒಂದು ಫೋಟೊ ತೆರೆದರೆ ಮೇಲಿನರ್ಧ ಮದುಮಗಳು, ಕೆಳಗಿನರ್ಧ ನೇರಳೆ ಪಟ್ಟೆ. ಮಾರನೇ ದಿನ ಬೆಳಗ್ಗೆ ನೋಡಿದರೆ ವಿಂಡೋಸ್ 8 ಜಿಬಿ ರ‍್ಯಾಮ್ ಮಾತ್ರ ಇದೆ ಅಂತು. ಅಂಗಡಿಗೆ ಹೊತ್ಕೊಂಡು ಹೋದರೆ, 'ಬೋರ್ಡ್ ಹೋಗಿದೆ ಸಾರ್. ಈ ಬೋರ್ಡ್ ಈಗ ಸಿಗಲ್ಲ. ಬೋರ್ಡು, ಪ್ರೊಸೆಸರ್ರು, ರ‍್ಯಾಮು ಸೇರಿ ಹೊಸ ಸೆಟ್ ತಗೊಂಡ್ಬಿಡಿ' ಅಂದರಂತೆ. ಭಾವ ನನಗೆ ಫೋನ್ ಮಾಡಿ, 'ದುಡ್ಡು ಹೇಗಾದ್ರೂ ಹೊಂದಿಸ್ತೀನಪ್ಪ, ಒಳಗಿರೋ ಫೋಟೊ ಕತೆ ಏನು ಹೇಳು' ಅಂದರು. ಸರಿಯಾದ ಪ್ರಶ್ನೆ ಅದೇ.

ಅವರಿಗೆ ಫೋನಲ್ಲೇ ಹೇಳಿದ್ದು ಒಂದೇ ಮಾತು. ಪಿಸಿ ಆಫ್ ಮಾಡಿ, ಇನ್ನು ಆನ್ ಮಾಡ್ಬೇಡಿ. ಮೆಮೊರಿ ಮೇಲೆ ಅನುಮಾನ ಇರೋ ಪಿಸಿಯನ್ನ ಓಡಿಸಿದಷ್ಟೂ ಡಿಸ್ಕಿಗೆ ಅಪಾಯ. ವಿಂಡೋಸ್ ಪದೇ ಪದೇ ಬಿದ್ದು ಎದ್ದಾಗ ತಾನೇ ಡಿಸ್ಕ್ ರಿಪೇರಿ ಮಾಡೋಕೆ ಹೊರಡುತ್ತೆ. ಕೆಟ್ಟ ಮೆಮೊರಿ ಇಟ್ಕೊಂಡು ರಿಪೇರಿಗೆ ಇಳಿದರೆ ಚೆನ್ನಾಗಿರೋ ಫೈಲನ್ನೂ ಹಾಳು ಮಾಡಬಹುದು. ಹಾಗಾಗಿ ಶನಿವಾರ ಮೈಸೂರಿಗೆ ಹೋದವನು ಮೊದಲು ಮಾಡಿದ್ದು ಫೋಟೊ ಇದ್ದ ಡಿಸ್ಕನ್ನ ಬಿಚ್ಚಿ ಪಕ್ಕಕ್ಕಿಟ್ಟಿದ್ದು. ನೀವೂ ಅಷ್ಟೇ. ಪರೀಕ್ಷೆಗೆ ಡಿಸ್ಕ್ ಬೇಕಾಗೇ ಇಲ್ಲ, ಒಂದು ಪೆನ್ ಡ್ರೈವ್ ಸಾಕು.

ಬಿಚ್ಚೋ ಮುಂಚೆ ಪ್ಲಗ್ ತೆಗೀರಿ. ತೆಗೆದ ಮೇಲೆ ಪವರ್ ಬಟನ್ನನ್ನ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಎಸ್‌ಎಂಪಿಎಸ್‌ನಲ್ಲಿ ಉಳಿದ ಕರೆಂಟ್ ಖಾಲಿಯಾಗುತ್ತೆ. ಕೈಯಿಂದ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಒಂದ್ಸಲ ಮುಟ್ಟಿ. ಬೆಂಗಳೂರಿನ ಜನವರಿ ಒಣ ಹವೆಯಲ್ಲಿ ಸ್ವೆಟರ್ ಹಾಕ್ಕೊಂಡು ಈ ಕೆಲಸಕ್ಕೆ ಕೂರಬೇಡಿ. ಇಷ್ಟು ಸಾಕು, ಇದಕ್ಕಿಂತ ಹೆದರಬೇಕಿಲ್ಲ.

ಈಗ ರ‍್ಯಾಮ್ ಕೂತಿದೆಯಾ ನೋಡೋಣ. ಡಿಡಿಆರ್4 ಸ್ಟಿಕ್ಕಿನ ಅಂಚಲ್ಲಿ ಚಿನ್ನದ ಬಣ್ಣದ 288 ಕಾಂಟ್ಯಾಕ್ಟ್‌ಗಳಿವೆ, ಎರಡೂ ಮುಖ ಸೇರಿ. ಒಂದಕ್ಕೂ ಪಕ್ಕದ್ದಕ್ಕೂ ನಡುವಿನ ದೂರ 0.85 ಮಿಲಿಮೀಟರ್. ಅಂದ್ರೆ ಸ್ಟಿಕ್ಕು ಒಂದು ಕೂದಲೆಳೆ ಓರೆಯಾಗಿ ಕೂತರೂ ಯಾವುದೋ ಒಂದು ಕಾಂಟ್ಯಾಕ್ಟ್ ಮುಟ್ಟಿಯೂ ಮುಟ್ಟದ ಹಾಗೆ ಇರಬಹುದು. ಇನ್ನೊಂದು ವಿಷಯ, ಡಿಡಿಆರ್4 ಸ್ಟಿಕ್ಕಿನ ಕೆಳಗಿನ ಅಂಚು ನೇರ ಗೆರೆಯಲ್ಲ. ಮಧ್ಯದಲ್ಲಿ ಸ್ವಲ್ಪ ಉಬ್ಬಿರುತ್ತೆ, ಒಟ್ಟಿಗೇ 288ನ್ನೂ ಒತ್ತೋಕೆ ಜಾಸ್ತಿ ಬಲ ಬೇಡ ಅಂತ ಹಾಗೆ ಮಾಡಿರೋದು. ಅದಕ್ಕೇ ಮಧ್ಯದಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ಸಾಲದು, ಎರಡೂ ತುದಿಯಲ್ಲಿ ಒಂದೊಂದಾಗಿ ಒತ್ತಬೇಕು. 'ಟಕ್' ಅಂತ ಕೇಳಬೇಕು.

ಕೆಲವು ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ತುದಿಯಲ್ಲಿರುತ್ತೆ, ಇನ್ನೊಂದು ತುದಿ ಸುಮ್ಮನೆ ಗಾಡಿ. ಅಲ್ಲಿ ಕ್ಲಿಪ್ ಬಿದ್ದ ಸದ್ದು ಕೇಳಿ 'ಆಯ್ತು' ಅಂತ ಕೈಬಿಡ್ತೀವಿ, ಆಚೆ ತುದಿ ಒಂದು ಮಿಲಿಮೀಟರ್ ಮೇಲೇ ನಿಂತಿರುತ್ತೆ. ಹೊಸ ಕ್ಯಾಬಿನೆಟ್‌ಗೆ ಹಾಕಿದ ಮೇಲೆ ಬರೋ ರ‍್ಯಾಮ್ ತೊಂದರೆಯಲ್ಲಿ ಇದೇ ಮೊದಲನೇ ಕಳ್ಳ. ಬೋರ್ಡ್ ಒಳಗೆ ಕೂತ ಮೇಲೆ ನೇತಾಡೋ ಕೇಬಲ್ ನಡುವೆ ಒತ್ತೋದಕ್ಕಿಂತ, ಹೊರಗಿದ್ದಾಗಲೇ ಟೇಬಲ್ ಮೇಲಿಟ್ಟು ರ‍್ಯಾಮ್ ಹಾಕಿದರೆ ಸುಲಭ.

ಇಲ್ಲಿ ರಬ್ಬರ್ ವಿಷಯ ಬಂದೇ ಬರುತ್ತೆ. ರ‍್ಯಾಮ್ ಕಾಣಿಸ್ತಿಲ್ಲ ಅಂದ ತಕ್ಷಣ ಪೆನ್ಸಿಲ್ ರಬ್ಬರ್ ತಗೊಂಡು ಕಾಂಟ್ಯಾಕ್ಟ್ ಉಜ್ಜೋದು ನಮ್ಮೂರ ಕಂಪ್ಯೂಟರ್ ಅಂಗಡಿಗಳ ಹಳೇ ಮನೆಮದ್ದು. ಎಷ್ಟೋ ಸಲ ಕೆಲಸ ಮಾಡುತ್ತೆ, ಸುಳ್ಳಲ್ಲ. ಆದ್ರೆ ಉಜ್ಜಿದ್ದಕ್ಕಿಂತ ಹೆಚ್ಚಾಗಿ ತೆಗೆದು ಮತ್ತೆ ಹಾಕಿದ್ದೇ ಅಲ್ಲಿ ಗುಣ ಕೊಡೋದು ಅಂತ ನನ್ನ ಅನಿಸಿಕೆ. ಆ ಚಿನ್ನದ ಲೇಪ ತುಂಬ ತೆಳು, ರಬ್ಬರ್ ಅದನ್ನ ಸವೆಸುತ್ತೆ, ಪುಡಿಯನ್ನೂ ಸ್ಲಾಟ್ ಒಳಗೆ ಬೀಳಿಸುತ್ತೆ. ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಸಣ್ಣ ಬಾಟಲ್ ತಂದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಅಂಟು ಎಲ್ಲ ಇರುತ್ತೆ.

ಭಾವನ ಪಿಸಿಯಲ್ಲಿ ಎರಡೂ ಸ್ಟಿಕ್ ನೆಟ್ಟಗೇ ಕೂತಿದ್ದವು. ತೆಗೆದು, ಒರೆಸಿ, ಮತ್ತೆ ಹಾಕಿದ್ದಾಯ್ತು. ಆಗಲೂ 8 ಜಿಬಿ.

ಮುಂದಿನದ್ದು ಲೆಕ್ಕದ ಕೆಲಸ. ಆಫೀಸಲ್ಲಿ ಬಗ್ ಹುಡುಕುವಾಗ ಏನು ಮಾಡ್ತೀವಿ? ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಸ್ಟಿಕ್, ಎರಡು ಸ್ಲಾಟ್, ಒಟ್ಟು ನಾಲ್ಕು ಜೋಡಿ. ನಾಲ್ಕನ್ನೂ ಒಂದೊಂದಾಗಿ ಹಾಕಿ ನೋಡಿ, ಫೋನ್ ನೋಟ್ಸಲ್ಲಿ ಬರ್ಕೊಳ್ಳಿ. ಸ್ಟಿಕ್ಕಿಗೆ ಸ್ಕೆಚ್ ಪೆನ್ನಿಂದ ಒಂದು, ಎರಡು ಅಂತ ಗುರುತು ಮಾಡಿ, ಇಲ್ಲಾಂದ್ರೆ ಮೂರನೇ ಸುತ್ತಿಗೆ ಯಾವುದು ಯಾವುದು ಅಂತ ತಲೆ ಕೆಡುತ್ತೆ. ನಾಲ್ಕು ಸ್ಲಾಟ್ ಇರೋ ಬೋರ್ಡ್ ಆದರೆ, ಎರಡು ಸ್ಟಿಕ್ಕಿಗೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು ಮತ್ತು ನಾಲ್ಕನೇದು ಸರಿಯಾದ ಜಾಗ. ಬೋರ್ಡ್ ಮೇಲೆ ಎ2, ಬಿ2 ಅಂತ ಬರೆದಿರುತ್ತೆ. ಪಕ್ಕಪಕ್ಕದ ಎರಡರಲ್ಲಿ ಹಾಕಿದರೆ ಕೆಲವು ಬೋರ್ಡ್ ಆನ್ ಆಗುತ್ತೆ, ಆದ್ರೆ ಡ್ಯುಯಲ್ ಚಾನೆಲ್ ಸಿಗದೆ ನಿಧಾನ. ಕೆಲವು ಆನ್ ಆಗೋದೇ ಇಲ್ಲ. ಚೆಂದ ಕಾಣ್ಲಿ ಅಂತ ಸ್ಲಾಟ್ ಬದಲಾಯಿಸಿದವರನ್ನೂ ನೋಡಿದೀನಿ!

ನಮ್ಮ ನಾಲ್ಕು ಜೋಡಿಯ ಫಲಿತಾಂಶ ಹೀಗಿತ್ತು. ಒಂದನೇ ಸ್ಟಿಕ್ ಎ2ನಲ್ಲಿ ಸರಿ. ಎರಡನೇ ಸ್ಟಿಕ್ಕೂ ಎ2ನಲ್ಲಿ ಸರಿ. ಬಿ2ನಲ್ಲಿ ಎರಡೂ ಇಲ್ಲ, ಬೋರ್ಡ್ ಮೇಲಿನ ಡಿರ‍್ಯಾಮ್ ಅನ್ನೋ ಪುಟ್ಟ ದೀಪ ಹತ್ತಿ ನಿಂತುಬಿಡುತ್ತೆ. ಅಂದ್ರೆ ಎರಡೂ ರ‍್ಯಾಮ್ ನಿರಪರಾಧಿ. ತೊಂದರೆ ಇರೋದು ಬಿ ಚಾನೆಲ್ ದಾರಿಯಲ್ಲಿ.

ಅಂಗಡಿಯವರು 'ಬೋರ್ಡ್ ಹೋಗಿದೆ' ಅಂದಿದ್ದು ಇಲ್ಲಿಗೇ ನಿಂತು. ಆದ್ರೆ ಆ ದಾರಿ ಸ್ಲಾಟಿಗೆ ಮುಗಿಯಲ್ಲ, ಮುಂದೆ ಹೋಗುತ್ತೆ. ಹಿಂದೆಲ್ಲ ರ‍್ಯಾಮ್ ಜೊತೆ ಮಾತಾಡೋ ಮೆಮೊರಿ ಕಂಟ್ರೋಲರ್ ಮದರ್‌ಬೋರ್ಡ್ ಮೇಲೆ ಬೇರೆ ಚಿಪ್‌ನಲ್ಲಿರ್ತಿತ್ತು. ಎಎಂಡಿ 2003ರ ಅಥ್ಲಾನ್ 64ರಲ್ಲಿ, ಇಂಟೆಲ್ 2008ರ ನೆಹಲೆಮ್‌ನಲ್ಲಿ ಅದನ್ನ ಪ್ರೊಸೆಸರ್ ಒಳಗೇ ತಂದವು. ಈಗ ಸ್ಲಾಟಿನಿಂದ ಹೊರಟ ಪ್ರತಿ ತಂತಿಯೂ ಪ್ರೊಸೆಸರ್ ಸಾಕೆಟ್‌ನ ಪಿನ್‌ಗೇ ಹೋಗಿ ಮುಟ್ಟೋದು. ಭಾವನ ಪ್ರೊಸೆಸರ್‌ನ ಸಾಕೆಟ್‌ನಲ್ಲಿ ಅಂಥ 1200 ಪಿನ್‌ಗಳಿವೆ. ಪ್ರೊಸೆಸರ್ ಅವುಗಳ ಮೇಲೆ ಕೂತಿರುತ್ತೆ, ಬೆಸುಗೆ ಇಲ್ಲ, ಬರೀ ಒತ್ತಡ. ಆ ಒತ್ತಡ ಒಂದು ಮೂಲೆಯಲ್ಲಿ ಹೆಚ್ಚು, ಎದುರು ಮೂಲೆಯಲ್ಲಿ ಕಡಿಮೆ ಆದರೆ ಕೆಲವು ಪಿನ್ ಸರಿಯಾಗಿ ಮುಟ್ಟಲ್ಲ. ಅದರಲ್ಲಿ ರ‍್ಯಾಮಿನ ಪಿನ್‌ಗಳೂ ಇದ್ದರೆ ಆ ಚಾನೆಲ್ಲೇ ಹೋಯ್ತು.

ಒತ್ತಡ ಹಾಳು ಮಾಡೋದು ಯಾರು? ಕೂಲರ್. ಕ್ಯಾಬಿನೆಟ್ ಬದಲಾಯಿಸುವಾಗ ಕೂಲರ್ ಬಿಚ್ಚಿ ಹಾಕಿದ್ದರೆ ಇದನ್ನ ಖಂಡಿತ ನೋಡಬೇಕು. ನಾಲ್ಕು ಸ್ಕ್ರೂ ಇರೋ ಕೂಲರ್‌ನಲ್ಲಿ ಒಂದನ್ನ ಪೂರ್ತಿ ಬಿಗಿ ಮಾಡಿ ಆಮೇಲೆ ಪಕ್ಕದ್ದಕ್ಕೆ ಹೋದರೆ ಪ್ರೊಸೆಸರ್ ಒಂದು ಕಡೆ ವಾಲುತ್ತೆ. ಕಾರಿನ ಚಕ್ರದ ನಟ್ ಬಿಗಿ ಮಾಡೋದು ನೋಡಿದೀರಲ್ಲ? ಒಂದಾದ ಮೇಲೆ ಎದುರಿನದು, ಸ್ವಲ್ಪ ಸ್ವಲ್ಪವೇ. ಇಲ್ಲೂ ಅದೇ. ಕರ್ಣಕ್ಕೆ ಎದುರಿನ ಮೂಲೆಗಳನ್ನ ಎರಡೆರಡು ಸುತ್ತು ತಿರುಗಿಸ್ತಾ, ನಿಂತ ಕಡೆ ನಿಲ್ಲಿಸೋದು. ಜಾಸ್ತಿ ಬಿಗಿ ಮಾಡಿದರೆ ಜಾಸ್ತಿ ತಣ್ಣಗಾಗಲ್ಲ.

ಭಾವನ ಕೂಲರ್‌ನ ಸ್ಕ್ರೂಗಳಲ್ಲಿ ಎರಡು ತಿರುಗಿಸೋಕೇ ಆಗದಷ್ಟು ಬಿಗಿ, ಇನ್ನೆರಡು ಬೆರಳಲ್ಲೇ ಬಿಚ್ಚುವಷ್ಟು ಸಡಿಲ. ಕೂಲರ್ ತೆಗೆದು, ಪ್ರೊಸೆಸರ್ ಎತ್ತಿ, ಫೋನ್ ಟಾರ್ಚ್ ಹಾಕಿ ಸಾಕೆಟ್ ನೋಡಿದೆವು. ಬೆಳಕನ್ನ ಪಕ್ಕದಿಂದ ಬಿಟ್ಟರೆ ಪಿನ್‌ಗಳೆಲ್ಲ ನಾಟಿ ಮಾಡಿದ ಗದ್ದೆ ಥರ ಸಾಲಾಗಿ ಮಿಂಚಬೇಕು, ಬಗ್ಗಿದ್ದು ಒಂದಿದ್ದರೂ ಸಾಲು ಮುರಿದು ಕಾಣುತ್ತೆ. ಪುಣ್ಯಕ್ಕೆ ಯಾವುದೂ ಬಗ್ಗಿರಲಿಲ್ಲ. ಸಾಕೆಟ್ ಒಳಗೆ ಬೆರಳಾಗಲಿ ಬಟ್ಟೆಯಾಗಲಿ ತಾಕಿಸಬೇಡಿ. ಅಲ್ಲಿ ಪಿನ್ ಬಗ್ಗಿದರೆ ವಾರಂಟಿಯವರು ಸಾಮಾನ್ಯವಾಗಿ ಕೈ ಎತ್ತುತ್ತಾರೆ. ಎಎಂಡಿಯ ಹಳೇ ಎಎಂ4 ಪ್ರೊಸೆಸರ್ ಆದರೆ ಪಿನ್ ಇರೋದು ಪ್ರೊಸೆಸರ್‌ನ ಕೆಳಗೇ, ಅದನ್ನ ಟೇಬಲ್ ಮೇಲೆ ದೊಪ್ಪನೆ ಇಡಬಾರದು ಅನ್ನೋದೊಂದೇ ವ್ಯತ್ಯಾಸ.

ಪೇಸ್ಟ್ ಹಚ್ಚಿ, ಕರ್ಣಕ್ಕೆ ಕರ್ಣ ಬಿಗಿ ಮಾಡಿ, ಎರಡೂ ಸ್ಟಿಕ್ ಹಾಕಿ ಆನ್ ಮಾಡಿದರೆ, 16 ಜಿಬಿ. ಭಾವ ಪಕ್ಕದಲ್ಲೇ ನಿಂತಿದ್ದರು. 'ಇಷ್ಟೇನಾ?' ಅಂದರು. ಅಕ್ಕ ಟೀ ತಂದಳು.

ಇಲ್ಲಿಗೆ ಮುಗೀತು ಅಂದ್ಕೊಂಡು ಡಿಸ್ಕ್ ಜೋಡಿಸಿಬಿಡೋದು ಬಹಳ ಜನ ಮಾಡೋ ಕೆಲಸ. 16 ಅಂತ ತೋರಿಸೋದು ಬೇರೆ, ಆ 16ರಲ್ಲಿ ಬರೆದದ್ದು ಬರೆದ ಹಾಗೇ ಓದೋಕೆ ಸಿಗೋದು ಬೇರೆ. ಹಿಂದಿನ ವಾರವೂ ಅದು 16 ಅಂತಲೇ ತೋರಿಸ್ತಿತ್ತಲ್ಲ? ಅದಕ್ಕೇ ಪರೀಕ್ಷೆ ಬೇಕು. ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86+ ಅಂತ ಎರಡಿವೆ, ಮೂಲ ಒಂದೇ, ಈಗ ಬೇರೆ ಬೇರೆ ದಾರಿ ಹಿಡಿದಿವೆ. ಪ್ಲಸ್ ಇರೋದು ಓಪನ್ ಸೋರ್ಸ್. ಇನ್ನೊಂದರ ಉಚಿತ ಆವೃತ್ತಿ ಒಂದು ಸಲಕ್ಕೆ ನಾಲ್ಕು ಸುತ್ತು ಓಡುತ್ತೆ. ಯಾವುದಾದರೂ ಸರಿ. ಬೇರೆ ಲ್ಯಾಪ್‌ಟಾಪಲ್ಲಿ ಪೆನ್ ಡ್ರೈವ್‌ಗೆ ಹಾಕ್ಕೊಂಡು, ಅದರಿಂದ ಪಿಸಿ ಬೂಟ್ ಮಾಡಿ, ರಾತ್ರಿಯಿಡೀ ಬಿಟ್ಟು ಮಲಗಿ. ಬೆಳಗ್ಗೆ ತಪ್ಪುಗಳ ಸಂಖ್ಯೆ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ಫೇಲ್. ಇದರಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ. ವಿಂಡೋಸ್ ಒಳಗೂ ಮೆಮೊರಿ ಡಯಾಗ್ನೋಸ್ಟಿಕ್ ಇದೆ, ಆದ್ರೆ ಅದು ಪಾಸ್ ಮಾಡಿತು ಅಂತ ನಾನಂತೂ ನಂಬಿ ಕೂರಲ್ಲ.

ಪೆನ್ ಡ್ರೈವ್‌ನಿಂದ ಬೂಟ್ ಮಾಡೋಕೆ ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಿ ಬರಬಹುದು. ಅಲ್ಲಿಗೆ ಹೋಗೋ ಮುಂಚೆ, ವಿಂಡೋಸ್ ಇನ್ನೂ ಓಡ್ತಿದ್ದಾಗಲೇ, ಬಿಟ್‌ಲಾಕರ್ ರಿಕವರಿ ಕೀ ಎಲ್ಲಿದೆ ಅಂತ ನೋಡಿಟ್ಕೊಳ್ಳಿ. ಬಯೋಸ್ ಬದಲಾವಣೆ ಆದ ಮೇಲೆ ವಿಂಡೋಸ್ 48 ಅಂಕಿಯ ಆ ಕೀ ಕೇಳಿ ಬಾಗಿಲಲ್ಲೇ ನಿಲ್ಲಿಸೋದುಂಟು. ಆಫೀಸ್ ಪಿಸಿ ಆದರೆ ಐಟಿಯವರ ಹತ್ರ ಇರುತ್ತೆ, ಮನೆಯದ್ದಾದರೆ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ.

ಭಾವನ ಪಿಸಿ ಆ ರಾತ್ರಿ ಸೊನ್ನೆ ತಂತು. ಭಾನುವಾರ ಬೆಳಗ್ಗೆ ಡಿಸ್ಕ್ ಜೋಡಿಸಿ ಫೋಟೊ ಲೆಕ್ಕಕ್ಕೆ ಕೂತೆವು.

ಈ ಭಾಗವೇ ನನಗೆ ಎಲ್ಲರಿಗೂ ಹೇಳಬೇಕು ಅನ್ಸಿದ್ದು. ಫೈಲ್ ಕಾಪಿ ಮಾಡೋದು ಅಂದ್ರೆ ಕಾರ್ಡಿನಿಂದ ಡಿಸ್ಕಿಗೆ ನೇರ ಪೈಪ್ ಅಲ್ಲ. ಮಧ್ಯೆ ರ‍್ಯಾಮ್‌ನಲ್ಲಿ ಇಳಿದು ಹೋಗುತ್ತೆ. ಅಲ್ಲಿ ಒಂದು ಬಿಟ್ ಸೊನ್ನೆ ಇದ್ದದ್ದು ಒಂದಾದರೆ, ಆ ತಪ್ಪೇ ಅಚ್ಚುಕಟ್ಟಾಗಿ ಡಿಸ್ಕಿಗೆ ಬರೆದುಹೋಗುತ್ತೆ. ಡಿಸ್ಕ್ ದೂರು ಹೇಳಲ್ಲ, ಅದಕ್ಕೆ ಕೊಟ್ಟದ್ದನ್ನ ಅದು ಸರಿಯಾಗೇ ಬರೆದಿದೆ. ವಿಂಡೋಸೂ ದೂರು ಹೇಳಲ್ಲ. ಫೈಲ್ ಸೈಜ್ ಕೂಡ ಒಂದು ಬೈಟ್ ವ್ಯತ್ಯಾಸ ಇಲ್ಲದೆ ಹಾಗೇ ಇರುತ್ತೆ.

ಸರ್ವರ್‌ಗಳಲ್ಲಿ ಇದಕ್ಕೇ ಇಸಿಸಿ ಮೆಮೊರಿ ಹಾಕೋದು. ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚಿಗೆ ಇಟ್ಟು, ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತೆ. ಗೂಗಲ್ ತನ್ನ ಸರ್ವರ್‌ಗಳ ಲೆಕ್ಕ ಇಟ್ಟು, ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಜೊತೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ಶೇ 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ಒಂದಾದರೂ ತಪ್ಪು ಕಂಡಿತ್ತು. ಅವರಿಗೆ ಕಂಡಿತು, ಯಾಕಂದ್ರೆ ಅಲ್ಲಿ ಇಸಿಸಿ ಇತ್ತು. ನಮ್ಮ ಸಾಮಾನ್ಯ ಪಿಸಿಯಲ್ಲಿ ಅದು ಇರಲ್ಲ, ತಪ್ಪು ಆಗಿದ್ದೂ ಗೊತ್ತಾಗಲ್ಲ. ಡಿಡಿಆರ್5ನಲ್ಲಿ ಇಸಿಸಿ ಇದೆ ಅಂತ ಮಾರೋರು ಹೇಳ್ತಾರೆ. ಅದು ಚಿಪ್ ಒಳಗಿನ ತಪ್ಪಿಗೆ ಮಾತ್ರ. ಚಿಪ್ಪಿನಿಂದ ಪ್ರೊಸೆಸರ್ ತನಕದ ದಾರಿಯಲ್ಲಿ, ಅಂದ್ರೆ ಸರಿಯಾಗಿ ಕೂರದ ಸ್ಲಾಟಿನಲ್ಲೋ ಸಾಕೆಟಿನಲ್ಲೋ ಆಗೋ ತಪ್ಪನ್ನ ಅದು ಹಿಡಿಯಲ್ಲ.

ಎರಡು ಮದುವೆ ಸೇರಿ ಸಾವಿರದ ಏಳುನೂರರ ಆಸುಪಾಸು ರಾ ಫೈಲ್‌ಗಳಿದ್ದವು. ಎಲ್ಲವನ್ನೂ ದೊಡ್ಡದಾಗಿ ತೆರೆದು ನೋಡೋದು ಬಿಟ್ಟು ಬೇರೆ ದಾರಿ ಇರಲಿಲ್ಲ. ಭಾವ, ಅಕ್ಕ, ನಾನು ಸರದಿ ಮೇಲೆ ಕೂತೆವು. ಒಂಬತ್ತು ಕೆಟ್ಟಿದ್ದವು. ಕಾರ್ಡುಗಳ ಮೇಲೆ ಆಗಲೇ ಮೂರನೇ ಮದುವೆ ಬರೆದಾಗಿತ್ತು, ರಿಕವರಿ ಸಾಫ್ಟ್‌ವೇರ್‌ಗೆ ಏನೂ ಸಿಗಲಿಲ್ಲ. ಆಮೇಲೆ ಒಂದು ಉಪಾಯ ಮಾಡಿದೆವು. ಕ್ಯಾಮೆರಾದ ರಾ ಫೈಲ್ ಒಳಗೆ, ಹಿಂದಿನ ಸ್ಕ್ರೀನಲ್ಲಿ ತೋರಿಸೋಕೆ ಅಂತ ಒಂದು ಜೆಪೆಗ್ ಪ್ರಿವ್ಯೂ ಪ್ರತ್ಯೇಕವಾಗಿ ಇರುತ್ತೆ. ಕೆಟ್ಟ ಬಿಟ್ ಮುಖ್ಯ ಚಿತ್ರದ ಭಾಗದಲ್ಲಿದ್ದರೆ ಪ್ರಿವ್ಯೂ ಉಳಿದಿರಬಹುದು. ಎಕ್ಸಿಫ್‌ಟೂಲ್ ಅನ್ನೋ ಉಚಿತ ಸಾಧನದಿಂದ ಅದನ್ನ ಹೊರಗೆ ತೆಗೀಬಹುದು. ಹಾಗೆ ಆರು ಸಿಕ್ಕವು, ಆಲ್ಬಂಗೆ ಸಾಕಾಗೋ ಗಾತ್ರದಲ್ಲೇ. ಮೂರು ಸಿಗಲಿಲ್ಲ. ಅದರಲ್ಲೊಂದು ಧಾರೆ ಹೊತ್ತಿನದು, ಹುಡುಗಿಯ ಅಜ್ಜಿ ಹಾಲು ಎರೆಯುತ್ತಿದ್ದದ್ದು. ಅಂಥದ್ದೇ ಇನ್ನೊಂದು ಫ್ರೇಮ್ ಇತ್ತು, ಅಜ್ಜಿ ಕಣ್ಣು ಮುಚ್ಚಿದ್ದರು. ಭಾವ ಆ ಮನೆಯವರಿಗೆ ಫೋನ್ ಮಾಡಿ ಇದ್ದದ್ದನ್ನ ಇದ್ದ ಹಾಗೆ ಹೇಳಿದರು. ಅವರು ಬೇಜಾರು ಮಾಡ್ಕೊಂಡರು, ಕಣ್ಣು ಮುಚ್ಚಿದ್ದನ್ನೇ ಹಾಕಿ ಅಂದರು.

ಈಗ ಭಾವ ಕಾಪಿ ಮಾಡಿದ ಮೇಲೆ ಪಿಸಿ ರೀಸ್ಟಾರ್ಟ್ ಮಾಡಿ, ಕಾರ್ಡಿನ ಫೈಲಿಗೂ ಡಿಸ್ಕಿನ ಫೈಲಿಗೂ ಹ್ಯಾಶ್ ಹೋಲಿಸಿ ನೋಡ್ತಾರೆ. ಪವರ್‌ಶೆಲ್‌ನಲ್ಲಿ ನಾನು ಬರೆದುಕೊಟ್ಟ ನಾಲ್ಕು ಸಾಲು. ರೀಸ್ಟಾರ್ಟ್ ಯಾಕೆ ಅಂದ್ರೆ, ಆಗಷ್ಟೇ ಕಾಪಿ ಆದ ಫೈಲನ್ನ ವಿಂಡೋಸ್ ಎಷ್ಟೋ ಸಲ ಡಿಸ್ಕಿನಿಂದ ಓದಲ್ಲ, ರ‍್ಯಾಮ್‌ನಲ್ಲಿ ಉಳಿದ ಪ್ರತಿಯನ್ನೇ ತೋರಿಸುತ್ತೆ.

ಇನ್ನು ಭಾವನ ಪಿಸಿಯಲ್ಲಿ ಇಲ್ಲದ, ಆದ್ರೆ ನಿಮ್ಮದರಲ್ಲಿ ಇರಬಹುದಾದ ಕೆಲವು. ಕ್ಯಾಬಿನೆಟ್‌ನ ಲೋಹದ ತಟ್ಟೆ ಮೇಲೆ ಮದರ್‌ಬೋರ್ಡ್ ನೇರ ಕೂರಲ್ಲ, ಹಿತ್ತಾಳೆಯ ಪುಟ್ಟ ಕಂಬಗಳ ಮೇಲೆ ಕೂರುತ್ತೆ. ಹೊಸ ಕ್ಯಾಬಿನೆಟ್ ದೊಡ್ಡ ಬೋರ್ಡಿಗೆ ಅಂತ ಕಂಬ ಹಾಕಿಕೊಂಡೇ ಬಂದು, ನಿಮ್ಮ ಬೋರ್ಡ್ ಚಿಕ್ಕದಾಗಿದ್ದರೆ, ತೂತಿಲ್ಲದ ಕಡೆ ಒಂದು ಕಂಬ ಹಿಂದಿನಿಂದ ಬೋರ್ಡನ್ನ ಚುಚ್ಚುತ್ತಿರಬಹುದು. ಶಾರ್ಟ್ ಆದರೆ ಏನು ಬೇಕಾದರೂ ಆಗಬಹುದು, ಅದರಲ್ಲಿ ರ‍್ಯಾಮ್ ತೊಂದರೆಯೂ ಒಂದು. ತೂತು ಎಷ್ಟೋ ಕಂಬ ಅಷ್ಟೇ, ಎಣಿಸಿ. ಅನುಮಾನ ಇದ್ದರೆ ಬೋರ್ಡನ್ನ ಹೊರಗೆ ತೆಗೆದು ಅದರದೇ ರಟ್ಟಿನ ಡಬ್ಬಿ ಮೇಲಿಟ್ಟು ಆನ್ ಮಾಡಿ ನೋಡಿ. ಅದರ ಜೊತೆ ಬಂದ ಬೆಳ್ಳಿ ಬಣ್ಣದ ಕವರ್ ಮೇಲಲ್ಲ, ಅದರ ಹೊರಮೈ ಕರೆಂಟ್ ಹರಿಸುತ್ತೆ. ಹೊರಗೆ ಸರಿ, ಒಳಗೆ ತೊಂದರೆ ಅಂತಾದರೆ ತಪ್ಪು ಕ್ಯಾಬಿನೆಟ್‌ನದ್ದು. ಮುಂದಿನ ಪ್ಯಾನೆಲ್‌ನ ರೀಸೆಟ್ ಬಟನ್ ಅಂಟಿಕೊಂಡಿದ್ದರೂ ಪಿಸಿ ಆನ್ ಆಗಿ ಆಫ್ ಆಗಿ, ರ‍್ಯಾಮ್ ಹೋದ ಹಾಗೇ ನಾಟಕ ಆಡುತ್ತೆ. ಆ ವೈರ್ ಕಿತ್ತು ನೋಡಿದರೆ ಗೊತ್ತಾಗುತ್ತೆ.

ಸೆಟ್ಟಿಂಗ್ ವಿಷಯ ಬೇರೆ. ಬಯೋಸ್ ಬ್ಯಾಟರಿ ತೆಗೆದು ಹಾಕಿದ್ದರೆ ಎಕ್ಸ್‌ಎಂಪಿ ಆಫ್ ಆಗಿರುತ್ತೆ, 3200ರ ರ‍್ಯಾಮ್ 2133ಕ್ಕೋ 2666ಕ್ಕೋ ಓಡುತ್ತೆ. ರ‍್ಯಾಮ್ ಹಾಳಾಗಿಲ್ಲ, ಬಯೋಸ್‌ನಲ್ಲಿ ಆನ್ ಮಾಡಿದರೆ ಸರಿ. ಎಎಂಡಿ ಡಿಡಿಆರ್5 ಬೋರ್ಡ್‌ಗಳಲ್ಲಿ ಇದಕ್ಕೆ ಎಕ್ಸ್‌ಪೋ ಅಂತಾರೆ. ಉಲ್ಟಾನೂ ಆಗುತ್ತೆ. ಆನ್ ಇದ್ದಾಗ ಮೆಮ್‌ಟೆಸ್ಟ್‌ನಲ್ಲಿ ತಪ್ಪು, ಆಫ್ ಮಾಡಿದರೆ ಸೊನ್ನೆ. ಹಾಗಾದರೆ ಒಂದು ಮೆಟ್ಟಿಲು ಕಡಿಮೆ ವೇಗಕ್ಕೆ ಇಟ್ಟು ಇನ್ನೊಂದು ರಾತ್ರಿ ಓಡಿಸಿ. ಡಿಡಿಆರ್5 ಪಿಸಿ ಮೊದಲ ಸಲ, ಅಥವಾ ಬಯೋಸ್ ರೀಸೆಟ್ ಆದ ಮೇಲೆ ಆನ್ ಆಗುವಾಗ ಮೆಮೊರಿಯನ್ನ ಪಳಗಿಸೋಕೆ ಕೆಲವು ನಿಮಿಷ ತಗೊಳ್ಳುತ್ತೆ, ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪು. ಗಾಬರಿಯಾಗಿ ಆಫ್ ಮಾಡಿದರೆ ಮತ್ತೆ ಮೊದಲಿಂದ. ಆನ್ ಮಾಡಿ ಹೋಗಿ ಒಂದು ಕಾಫಿ ಮಾಡ್ಕೊಂಡು ಬನ್ನಿ. 16 ಜಿಬಿಯಲ್ಲಿ 13.9 ಮಾತ್ರ ಬಳಸಬಹುದು ಅಂತ ತೋರಿಸಿದರೆ ಅದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ತನಗೆ ಅಂತ ಎತ್ತಿಟ್ಟುಕೊಂಡ ಪಾಲು. ಅದು ಕಾಯಿಲೆ ಅಲ್ಲ.

ಇಷ್ಟೆಲ್ಲ ಆಗಿ, ಒಂದೇ ಸ್ಟಿಕ್ಕು ಯಾವ ಸ್ಲಾಟಿಗೆ ಹಾಕಿದರೂ ತಪ್ಪು ತೋರಿಸ್ತಿದ್ದರೆ ಆಗ ರ‍್ಯಾಮ್ ನಿಜವಾಗಲೂ ಹೋಗಿದೆ. ಆಗಲೂ ಬಿಲ್ ಹುಡುಕಿ. ದೊಡ್ಡ ಬ್ರ್ಯಾಂಡ್‌ಗಳು ರ‍್ಯಾಮ್‌ಗೆ ಬೋರ್ಡಿಗಿಂತ ಬಹಳ ಉದ್ದದ ವಾರಂಟಿ ಕೊಡ್ತವೆ, ಕೆಲವಕ್ಕೆ ಲೈಫ್‌ಟೈಮ್ ಅಂತಲೇ ಬರೆದಿರುತ್ತೆ. ಮೆಮ್‌ಟೆಸ್ಟ್‌ನ ಕೆಂಪು ಸಾಲುಗಳ ಫೋಟೊ, ಸ್ಟಿಕ್ಕಿನ ಮೇಲಿನ ಸೀರಿಯಲ್ ನಂಬರಿನ ಫೋಟೊ ಎರಡೂ ತೆಗೆದಿಟ್ಕೊಳ್ಳಿ. ಜೋಡಿಯಾಗಿ ಒಂದೇ ಪ್ಯಾಕೆಟ್‌ನಲ್ಲಿ ಕೊಂಡದ್ದಾದರೆ ಎರಡನ್ನೂ ವಾಪಸ್ ಕೇಳೋದು ಸಾಮಾನ್ಯ. ಹೊಸದು ಬರೋ ತನಕ ಪಿಸಿ ಖಾಲಿ ಇರಬಾರದು ಅಂದ್ರೆ ಗೆಳೆಯರ ಹತ್ರ ಒಂದು ಸ್ಟಿಕ್ ಸಾಲ ಕೇಳಿಟ್ಟಿರಿ. ಕೇಳುವಾಗ ಡಿಡಿಆರ್4ಓ 5ಓ ಅಂತ ಮೊದಲೇ ಹೇಳಿ. ಎರಡಕ್ಕೂ 288 ಕಾಂಟ್ಯಾಕ್ಟೇ ಇದ್ದರೂ ಮಧ್ಯದ ಕಚ್ಚು ಬೇರೆ ಜಾಗದಲ್ಲಿರುತ್ತೆ, ಒಂದರ ಸ್ಲಾಟಿಗೆ ಇನ್ನೊಂದು ಹೋಗಲ್ಲ. ಬಲವಂತ ಮಾಡಿದರೆ ಸ್ಲಾಟೇ ಮುರಿಯುತ್ತೆ.